ಹೆಜ್ಜೆಗುಡ್ಡದಲ್ಲಿ ಮೂರ್ಬೆರಳಮ್ಮ ನೆಲೆಯಾದದ್ದು

ಸಕಲ ಚರಾಚರಗಳನ್ನು ಹೊತ್ತು ಸಲಹುವ ಭೂಮಾತೆಯ ಪಾದಗಳಿಗೆ ಮಣಿದು, ಈ ಕ್ಷೇತ್ರದ ದರ್ಶನಕ್ಕೆ ಬಂದ ಭಕ್ತಾದಿಗಳಿಗೂ, ಅವರಿಗಿಂತ ಮುಂದಾಗಿ ಮೆಟ್ಟಿಲೇರಿ ಓಡಿಬಿಡುವ ಅವರ ಮಕ್ಕಳಿಗೂ, ಹಿರಿಯರ ಬಾಯಿಂದ ನಮಗೆ ಇಳಿದುಬಂದ ಹೆಜ್ಜೆಗುಡ್ಡದ ಮಹಿಮೆಯನ್ನು ಈ ಪುಸ್ತಿಕೆಯಲ್ಲಿ ಬಿನ್ನವಿಸುತ್ತೇನೆ.

ಪೂರ್ವಕಾಲದಲ್ಲಿ, ಕರಿಬಂಡೆಗಳ ಈ ಬಯಲುನಾಡಿನಲ್ಲಿ ಕೋಟೆಗಳಾಗಲಿ ಪೇಟೆಗಳಾಗಲಿ ಇನ್ನೂ ತಲೆಯೆತ್ತದಿದ್ದಾಗ, ಈ ಗುಡ್ಡವು ಮುತ್ತುಗ, ಬೂರುಗ, ದಿಂಡಿಗ ಮೊದಲಾದ ವೃಕ್ಷಗಳಿಂದ ನಿಬಿಡವಾಗಿ, ಕರಡಿ ಚಿರತೆಗಳಿಗೂ ನವಿಲು ಜಿಂಕೆಗಳಿಗೂ ಸಮಾನವಾಗಿ ಆಶ್ರಯವಿತ್ತ ಮಹಾರಣ್ಯವಾಗಿತ್ತು. ಇದರ ನೆತ್ತಿಯ ಗುಹೆಯಲ್ಲಿ ಸಿಕತೆ ಎಂಬ ತಪಸ್ವಿನಿಯು ಕಂದಮೂಲಗಳನ್ನು ತಿಂದುಕೊಂಡು ವಾಸವಾಗಿದ್ದಳು. ಸಿಕತೆ ಎಂದರೆ ಮರಳು. ಆಕೆ ಕಣ್ಣುಮುಚ್ಚಿ ತಪಸ್ಸು ಮಾಡಿದವಳಲ್ಲ. ಕಣ್ಣು ತೆರೆದು ಮಾಡಿದವಳು. ಗುಹೆಯ ಗೋಡೆಯಲ್ಲಿ, ಮೇಲಿನ ಕರಿಬಂಡೆಗೂ ಕೆಳಗಿನ ಕರಿಬಂಡೆಗೂ ನಡುವೆ, ರೊಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ಬಿಳಿಗಲ್ಲಿನ ಪದರಗಳಿದ್ದವು. ಆ ಬಿಳಿಗಲ್ಲಿನಲ್ಲಿ ಸುರುಳಿ ಸುರುಳಿಯಾದ ಬಸವನಹುಳುಗಳು ಹುದುಗಿದ್ದವು. ಆಕಾರವೆಲ್ಲ ಹುಳುವಿನ ಚಿಪ್ಪಿನದು, ಆದರೆ ತೂಕವೂ ಗಡಸೂ ಕಲ್ಲಿನದು. ಹನಿ ನೀರು ನಿಲ್ಲದ ಈ ಗುಡ್ಡದ ನೆತ್ತಿಗೆ ನೀರಿನ ಹುಳು ಹೇಗೆ ಬಂತು, ಬಂದದ್ದು ಕಲ್ಲಿನೊಳಗೆ ಹೇಗೆ ಹೊಕ್ಕಿತು, ಎಂಬುದೇ ಆಕೆಯ ಧ್ಯಾನ. ಭೂಮಾತೆ ಉತ್ತರ ಕೊಡುವವರೆಗೆ ಗುಡ್ಡವನ್ನು ಇಳಿಯುವುದಿಲ್ಲವೆಂದು ಆಕೆ ವ್ರತ ತೊಟ್ಟಿದ್ದಳು.

ಗುಡ್ಡದ ಬುಡದಲ್ಲಿ ಬೇಡರ ಹಟ್ಟಿಯೊಂದಿತ್ತು. ಅದರ ಯಜಮಾನನ ಹೆಸರು ಅಯ್ಯಾಳಪ್ಪ. ಆತನ ಒಬ್ಬನೇ ಮಗ ಹೊನ್ನಪ್ಪ ಜೇನು ಬಿಡಿಸುವುದರಲ್ಲಿ ಮಹಾ ಧೈರ್ಯವಂತ. ಎಂಥ ಕಡಿದಾದ ಬಂಡೆಯಿದ್ದರೂ ಹಗ್ಗ ಕಟ್ಟಿ ಇಳಿದು, ಹಾಡಿಕೊಳ್ಳುತ್ತಲೇ ಜೇನುಹುಟ್ಟನ್ನು ಕೊಯ್ದು ತರುವವನು. ಅವನ ಸೋದರತ್ತೆಯ ಮಗ ಗಾದೆಪ್ಪ ಬೇಟೆಯಲ್ಲಿ ನಿಪುಣ. ನೆಲದ ಮೇಲಿನ ಗುರುತನ್ನು ನೋಡಿ, ಹೋದ ಪ್ರಾಣಿ ಯಾವುದು, ಯಾವಾಗ ಹೋಯಿತು, ಹಸಿದಿತ್ತೋ ಹೆದರಿತ್ತೋ ಎಂದು ಹೇಳಬಲ್ಲವನು. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು.

ಮುಂಗಾರು ಹಿಡಿಯುವ ಮುನ್ನ, ಗುಡ್ಡದ ಮೇಲೆ ಜೇನು ಬಿಡಿಸಲು ಹೋದ ಹೊನ್ನಪ್ಪ ಮರಳಿ ಬರಲಿಲ್ಲ. ಹುಡುಕಲು ಹೊರಟವರ ಮೇಲೆ ಮಳೆ ಮುರಿದುಬಿತ್ತು. ಆ ಮಳೆಯು ಹಳ್ಳಗಳನ್ನು ನದಿಗಳನ್ನಾಗಿ ಮಾಡಿ, ಮರಗಳನ್ನು ಬುಡಮೇಲು ಮಾಡಿ, ಗುಡ್ಡದ ಪಡುವಣ ಮಗ್ಗುಲಿನ ಮಣ್ಣನ್ನು ಚರ್ಮ ಸುಲಿದಂತೆ ಸುಲಿದು ಹಾಕಿತು. ಮಳೆ ಬಿಟ್ಟ ಮುಂಜಾನೆ ಕಟ್ಟಿಗೆಗೆ ಹೋದ ಹೆಂಗಸರು ಹೊರೆಗಳನ್ನು ಎಸೆದು ಕಿರುಚುತ್ತ ಓಡಿಬಂದರು.

ಅವರು ಕಂಡದ್ದೇನು? ಮಣ್ಣು ಕೊಚ್ಚಿಹೋದ ಜಾಗದಲ್ಲಿ ಬಿಳಿಯ ನೆಲ. ಆ ನೆಲದ ಮೇಲೆ ಜೋಳ ಕೇರುವ ಮೊರದಷ್ಟು ಅಗಲದ, ಮೂರು ಬೆರಳಿನ, ಆಳವಾದ ಹೆಜ್ಜೆಗಳು! ಒಂದರ ಮುಂದೆ ಒಂದು, ಒಂದರ ಮುಂದೆ ಒಂದು, ಗುಡ್ಡದ ಮೇಲಕ್ಕೆ ಸಾಲಾಗಿ ನಡೆದುಹೋಗಿದ್ದವು.

ಹಟ್ಟಿಗೆ ಹಟ್ಟಿಯೇ ನಡುಗಿತು. ಅಯ್ಯಾಳಪ್ಪ ಆ ಹೆಜ್ಜೆಯ ಮುಂದೆ ಕುಳಿತ. ಎದ್ದಾಗ ಅವನ ಮುಖ ಕಲ್ಲಿನಂತಾಗಿತ್ತು.

"ನನ್ನ ಮಗನ್ನ ತಿಂದದ್ದು ಇದೇ. ಗುಡ್ಡಕ್ಕ ಬೆಂಕಿ ಹಚ್ಚರಿ. ನಾಕೂ ದಿಕ್ಕಿಗೆ ಹಚ್ಚರಿ. ಒಳಗ ಏನದೋ ಎಲ್ಲಾ ಸುಟ್ಟು ಬೂದಿಯಾಗ್ಲಿ."

"ಮಾವ, ಸ್ವಲ್ಪ ತಡಿ," ಎಂದು ಗಾದೆಪ್ಪ ಮುಂದೆ ಬಂದ. "ಬೆಂಕಿ ಹಚ್ಚಿದ್ರ ಅದು ಸತ್ತದ್ದು ನಮಗ್ಯಾಂಗ ಗೊತ್ತಾಗ್ಬೇಕು? ಹೊನ್ನ ನಿನಗ ಮಗ, ನನಗ ಜೀವ. ಇವತ್ತೊಂದು ಹಗಲು ನನಗ ಕೊಡು. ಹೆಜ್ಜಿ ಹಿಡಿದು ಹೋಗ್ತೀನಿ. ಅದರ ತಲಿ ತಂದು ನಿನ್ನ ಕಾಲಾಗ ಹಾಕ್ತೀನಿ."

"ಹೊತ್ತು ಇಳಿಯೋದ್ರಾಗ ಬಾ. ಬರ್ಲಿಲ್ಲಂದ್ರ ನಿನ್ನನ್ನೂ ತಿಂದದ ಅಂತ ತಿಳೀತೀನಿ. ಪಂಜು ಹಿಡಕೊಂಡು ಬರ್ತೀನಿ."

ಗಾದೆಪ್ಪ ಭರ್ಜಿಯನ್ನು ಹೆಗಲಿಗೇರಿಸಿ, ಬಿಲ್ಲಿನ ನಾರನ್ನು ಬಿಗಿದು ಹೊರಟ. ಅಂಥ ಬೇಟೆಯನ್ನು ಅವನ ಕುಲದಲ್ಲಿ ಯಾರೂ ಆಡಿರಲಿಲ್ಲ! ಸಿಟ್ಟಿನಿಂದ ಹೊರಟವನ ಎದೆಯು, ಹೆಜ್ಜೆಯ ಸಾಲು ಏರಿದಂತೆಲ್ಲ ಬೇರೆಯೇ ಬಗೆಯಲ್ಲಿ ಹೊಡೆದುಕೊಳ್ಳತೊಡಗಿತು. ಎರಡೇ ಕಾಲಿನ ಪ್ರಾಣಿ. ಹಕ್ಕಿಯಂಥ ಪಾದ, ಆದರೆ ಆನೆಯಂಥ ಭಾರ. ಹೆಜ್ಜೆಗೂ ಹೆಜ್ಜೆಗೂ ನಡುವೆ ಅವನು ಓಡುವಾಗ ಹಾಕುವ ದಾಪುಗಾಲಿಗಿಂತ ಹೆಚ್ಚಿನ ಅಂತರವಿದ್ದರೂ, ಬೆರಳುಗಳು ಸಮನಾಗಿ ಊರಿದ್ದವು; ಅಂದರೆ ಅದು ಓಡಿರಲಿಲ್ಲ, ನಿಧಾನವಾಗಿ ನಡೆದಿತ್ತು. "ನಡದ್ರ ಇಷ್ಟು, ಓಡಿದ್ರ ಎಷ್ಟಪ್ಪ!" ಎಂದು ಅವನು ಗಟ್ಟಿಯಾಗಿಯೇ ಹೇಳಿಕೊಂಡ.

ಒಂದು ಕಡೆ ಹೆಜ್ಜೆ ಉದ್ದಕ್ಕೆ ಜಾರಿತ್ತು. ಜಾರಿದ ಕಡೆಯಲ್ಲಿ ಕೆಸರು ಏರಿ ದಿಂಡು ಕಟ್ಟಿದ ಗುರುತು ಸಹ ಹಾಗೆಯೇ ಇತ್ತು. ಇನ್ನೊಂದು ಕಡೆ ಅದು ನಿಂತಿತ್ತು. ಎರಡೂ ಪಾದಗಳು ಅಕ್ಕಪಕ್ಕ. ಏಕೆ ನಿಂತಿತು? ಗಾದೆಪ್ಪ ಬಗ್ಗಿ ನೋಡಿದ. ಅಂಗೈಯಗಲದ ಸಣ್ಣ ಹೆಜ್ಜೆಗಳು ಹಿಂದಿನಿಂದ ಅಂಕುಡೊಂಕಾಗಿ ಓಡಿಬಂದು ದೊಡ್ಡ ಹೆಜ್ಜೆಯ ಪಕ್ಕ ಸೇರಿಕೊಂಡಿದ್ದವು.

ಮರಿ! ತಾಯಿ ಮರಿಗಾಗಿ ಕಾದಿತ್ತು.

ಅಲ್ಲಿಂದ ಮುಂದೆ ಅವನ ಕೈಯ ಭರ್ಜಿ ತಾನಾಗಿಯೇ ಸ್ವಲ್ಪ ಕೆಳಗಿಳಿಯಿತು. ಆದರೂ ನಡೆದ. ಹೆಜ್ಜೆಯ ಸಾಲು ಕೊರಕಲಿನ ಅಂಚಿಗೆ ಬಂದು ತಿರುಗುವ ಕಡೆಯಲ್ಲಿ ಒಂದು ಬೂರುಗದ ಮರ. ಮರದ ಬುಡಕ್ಕೆ ಬಿಗಿದ ಹಗ್ಗ. ಹಗ್ಗದ ತುದಿ ಬಂಡೆಯ ಅಂಚಿನಲ್ಲಿ ತುಂಡಾಗಿ ಗಾಳಿಗೆ ತೂಗುತ್ತಿತ್ತು. ಆ ಗಂಟು ಹೊನ್ನಪ್ಪನದೇ. ಕೆಳಗೆ ಹಳ್ಳ ಕೆಂಪಗೆ ಮೊರೆಯುತ್ತಿತ್ತು. ಗಾದೆಪ್ಪ ಒಮ್ಮೆ ಕೆಳಗೆ ಇಣುಕಿದ. ಹಗ್ಗವನ್ನು ಬಿಚ್ಚಿ ಸೊಂಟಕ್ಕೆ ಸುತ್ತಿಕೊಂಡು, "ಕಚ್ಚಿ ಹರದದ, ಇದೇ ಕಚ್ಚಿ ಹರದದ," ಎನ್ನುತ್ತ ಮತ್ತೆ ಓಡಿದ. ಹಗ್ಗದ ತುದಿಯನ್ನು ಮಾತ್ರ ಅವನು ನೋಡಲಿಲ್ಲ. ನೋಡುವ ಮನಸ್ಸು ಅವನಿಗೆ ಇರಲಿಲ್ಲ.

ಹೆಜ್ಜೆಗಳು ನೆಟ್ಟಗೆ ಗುಡ್ಡದ ನೆತ್ತಿಯ ಕರಿಬಂಡೆಗೆ ಹೋದವು. ಹೋಗಿ, ಬಂಡೆಯ ಅಡಿಯಲ್ಲಿ ಮಾಯವಾದವು. ಕೊನೆಯ ಹೆಜ್ಜೆಯಲ್ಲಿ ಹಿಮ್ಮಡಿ ಹೊರಗಿತ್ತು, ಬೆರಳುಗಳು ಬಂಡೆಯ ಕೆಳಗಿದ್ದವು!

"ಸಿಕ್ಕಿಬಿದ್ದಿ!" ಎಂದು ಕೂಗಿ ಗಾದೆಪ್ಪ ಭರ್ಜಿಯಿಂದ ಬಂಡೆಯನ್ನು ಮೀಟಿದ. ಅಲಗು ಮುರಿದು ಹಾರಿತು. ಸಪ್ಪಳ ಕೇಳಿ ಗುಹೆಯಿಂದ ಸಿಕತೆ ಹೊರಬಂದಳು.

"ಅವ್ವಾ, ದೂರ ಸರಿ! ಒಳಗ ದೊಡ್ಡದೊಂದು ಅದ! ಮರಿ ಕರಕೊಂಡು ಈ ಬಂಡಿಯೊಳಗ ಹೊಕ್ಕದ!"

ತಪಸ್ವಿನಿ ಹೆಜ್ಜೆಯನ್ನು ನೋಡಿದಳು. ಆಕೆ ಆ ಬಂಡೆಯ ಮೇಲ್ಗಡೆ ಎಷ್ಟೋ ವರ್ಷಗಳಿಂದ ಕುಳಿತಿದ್ದರೂ ಕೆಳಗಿನ ಮಣ್ಣಿನಡಿ ಇಂಥದೊಂದು ಇರುವುದು ಆಕೆಗೂ ತಿಳಿದಿರಲಿಲ್ಲ. ಮಂಡಿಯೂರಿ ಕುಳಿತು, ಬೆರಳಿನಿಂದ ಹೆಜ್ಜೆಯ ಅಂಚನ್ನು ಸವರಿದಳು.

"ಮಗಾ, ಈ ಬಂಡಿ ಸರಿದ ಗುರುತು ಎಲ್ಲಾದ್ರೂ ಅದೇನು?"

"ಇಲ್ಲವ್ವ."

"ಬಿಲ ಅದೇನು? ಸಂದು ಅದೇನು?"

"ಇಲ್ಲ. ಒಂದು ಇರುವಿ ಹೋಗೋ ಜಾಗಾನೂ ಇಲ್ಲ."

"ಹಂಗಾದ್ರ ಹೇಳು, ಮೊದಲು ಬಂದದ್ದು ಯಾವುದು? ಬಂಡಿಯೋ, ಹೆಜ್ಜಿಯೋ?"

ಗಾದೆಪ್ಪ ಬಗ್ಗಿ ಬಂಡೆಯ ಅಡಿಯನ್ನು ಇಣುಕಿದ. ತಾನು ನಿಂತ ನೆಲವನ್ನು ಕಾಲಿನಿಂದ ಒಮ್ಮೆ ಜೋರಾಗಿ ಒದ್ದ. ಪಾದ ನೊಂದಿತೇ ಹೊರತು ಗುರುತು ಮೂಡಲಿಲ್ಲ. ಬೆಳಗಿನಿಂದ ಅವನು ಹೆಜ್ಜೆಯನ್ನು ನೋಡಿದ್ದ, ನೆಲವನ್ನು ನೋಡಿರಲಿಲ್ಲ! ಈಗ ನೋಡಿದ. ಕೆರೆಯಂಗಳದಲ್ಲಿ ಅಲೆ ಬಿಟ್ಟುಹೋಗುವ ಸಣ್ಣ ಸಣ್ಣ ಮಡಿಕೆಗಳು. ಕೆಸರು ಒಣಗಿ ಬಿರಿದ ಗೆರೆಗಳು. ಮೊದಲ ಮಳೆಯ ದಪ್ಪ ಹನಿ ಬಿದ್ದು ಮೂಡಿದ ಗುಳಿಗಳು. ಎಲ್ಲವೂ ಇದ್ದವು, ಎಲ್ಲವೂ ಕಲ್ಲಾಗಿದ್ದವು.

"ಅವ್ವಾ, ಇದು ಕೆರಿ! ನಾವು ಕೆರಿಯೊಳಗ ನಿಂತೀವಿ!"

ಸಿಕತೆ ಗುಹೆಗೆ ಓಡಿಹೋಗಿ ಕಲ್ಲಿನ ಬಸವನಹುಳುವೊಂದನ್ನು ತಂದು ಅವನ ಅಂಗೈಯಲ್ಲಿಟ್ಟಳು. "ಇದು ಯಾವ ನೀರಿನ್ಯಾಗ ಇತ್ತು ಅಂತ ನಾ ಇಷ್ಟು ವರ್ಷ ಕೇಳ್ತಾ ಕುಂತಿದ್ದೆ. ನೀ ನೀರಿನ ದಂಡಿ ಹಿಡದು ನಡದು ಬಂದಿ!" ಎಂದಳು. ಆ ಮಹಾತಪಸ್ವಿನಿಯೂ ಆ ಬೇಡನೂ ಹಬ್ಬದ ದಿನದ ಮಕ್ಕಳಂತೆ ಬಂಡೆಯಿಂದ ಬಂಡೆಗೆ ಜಿಗಿಯುತ್ತ, ಇಲ್ಲಿ ನೋಡು, ಅಲ್ಲಿ ನೋಡು ಎಂದು ಒಬ್ಬರನ್ನೊಬ್ಬರು ಕರೆಯುತ್ತ ಮೈಮರೆತರು. ಹೊತ್ತು ಇಳಿದದ್ದು ಅವರಿಗೆ ಗೊತ್ತಾಗಲಿಲ್ಲ.

ಹೊಗೆಯ ವಾಸನೆ ಬಂದಾಗ ಎಚ್ಚರವಾಯಿತು. ಅಯ್ಯಾಳಪ್ಪ ಉರಿಯುವ ಪಂಜನ್ನು ಹಿಡಿದು ಮುಂದೆ, ಹಟ್ಟಿಯ ಜನರೆಲ್ಲ ಪಂಜುಗಳೊಡನೆ ಹಿಂದೆ, ಹೆಜ್ಜೆಯ ಸಾಲನ್ನೇ ಹಿಡಿದು ಏರಿಬಂದಿದ್ದರು. ಗಾದೆಪ್ಪನನ್ನು ಜೀವಂತವಾಗಿ ಕಂಡು ಅವರು ಹೋ ಎಂದರು.

"ತಲಿ ಎಲ್ಲಿ?" ಎಂದ ಅಯ್ಯಾಳಪ್ಪ.

"ತಲಿ ಇಲ್ಲ ಮಾವ. ಆ ಪ್ರಾಣಿ ಇಲ್ಲಿಲ್ಲ. ಅದು ಹೋಗಿ ಯಾವ ಕಾಲಾಯ್ತೋ. ನೆಲ ಮುಟ್ಟಿ ನೋಡು, ಕಲ್ಲದ."

"ನನ್ನ ಮಗ?"

ಗಾದೆಪ್ಪ ಸೊಂಟದ ಹಗ್ಗವನ್ನು ಬಿಚ್ಚಿದ. ಈಗ ಅವನು ಅದರ ತುದಿಯನ್ನು ನೋಡಲೇಬೇಕಾಯಿತು. ನೋಡಿದ, ಮಾವನ ಕೈಗೆ ಕೊಟ್ಟ. "ಕೊರಕಲಿನ ಅಂಚಿನ್ಯಾಗ ಸಿಕ್ತು. ಯಾವುದೋ ಕಚ್ಚಿ ಹರದದ ಅಂತ ನನಗ ನಾನೇ ಸುಳ್ಳು ಹೇಳಿಕೊಂಡೆ. ನಾರು ನೋಡು ಮಾವ. ಹಲ್ಲಿನ ಗುರುತಿಲ್ಲ. ಕಲ್ಲಿಗೆ ತಿಕ್ಕಿ ಸವದದ."

ಅಯ್ಯಾಳಪ್ಪ ಆ ತುದಿಯನ್ನು ಹೆಬ್ಬೆರಳಿನಿಂದ ಸವರಿದ. ಆದರೂ ದುಃಖವು ಅಷ್ಟು ಬೇಗ ದಾರಿ ಬಿಡುವುದಿಲ್ಲ. ಪಂಜನ್ನು ಮೇಲೆತ್ತಿ, "ಹಂಗಾದ್ರ ಈ ಹೆಜ್ಜಿ ಯಾರವು? ಹೇಳು! ಕಲ್ಲಿನ ಮ್ಯಾಲ ಯಾರು ಹಿಂಗ ನಡದಾರ? ಹೇಳಲಿಕ್ಕೆ ಬರ್ಲಿಲ್ಲಂದ್ರ ಸರಿ, ನಾ ಹಚ್ಚೇ ಹಚ್ತೀನಿ!" ಎಂದು ಗರ್ಜಿಸಿದ.

ಗಾದೆಪ್ಪ ಸಿಕತೆಯ ಕಡೆ ನೋಡಿದ. ಆಕೆ ಕೊನೆಯ ಹೆಜ್ಜೆಯ ಮೇಲೆ ಅಂಗೈಯನ್ನೂರಿ, ಹಣೆಯನ್ನು ಬಂಡೆಗೆ ಆನಿಸಿ, ತನ್ನ ವ್ರತದ ಫಲವನ್ನೆಲ್ಲ ಈ ಗಳಿಗೆಯಲ್ಲಿ ಈ ಜನರಿಗೆ ಕೊಡೆಂದು ಬೇಡಿಕೊಂಡಳು. ಆಗ ಗುಡ್ಡವು ದೊಡ್ಡ ನಗಾರಿಯ ಹಾಗೆ ಒಮ್ಮೆ ಕಂಪಿಸಿತು. ನಿಂತವರ ಪಾದಗಳ ಮೂಲಕವೇ ಎಲ್ಲರಿಗೂ ಕೇಳುವಂತೆ ಭೂಮಾತೆಯ ವಾಣಿಯು ಹೊರಹೊಮ್ಮಿತು:

"ಮಕ್ಕಳಿರಾ, ಈ ಗುಡ್ಡ ಹುಟ್ಟುವ ಮೊದಲು, ನಿಮ್ಮ ಕುಲ ಹುಟ್ಟುವ ಬಹು ಮೊದಲು, ನನ್ನ ಒಡಲಿನ ಬೆಂಕಿಯು ಉಕ್ಕಿ ಹರಿದು ತಣಿದು ಕರಿಬಂಡೆಯಾಯಿತು. ಆ ಬಂಡೆಯ ತಗ್ಗಿನಲ್ಲಿ ಮಳೆ ನಿಂತು ಕೆರೆಯಾಯಿತು. ಕೆರೆಯಲ್ಲಿ ಹುಳುಗಳು ಹುಟ್ಟಿದವು, ದಂಡೆಯಲ್ಲಿ ಗಿಡಗಳು ಬೆಳೆದವು. ಒಂದು ದಿನ ಒಬ್ಬ ತಾಯಿ ತನ್ನ ಮರಿಯೊಡನೆ ನೀರಿಗೆ ಬಂದಳು. ಅವಳ ಪಾದವು ಹಸಿ ಕೆಸರಿನಲ್ಲಿ ಒತ್ತಿತು. ಬಿಸಿಲು ಆ ಕೆಸರನ್ನು ಒಣಗಿಸಿತು. ಅಳಿಸಿಹೋಗುವ ಮುನ್ನವೇ ಹೊಸ ನೀರು ನುಣ್ಣನೆಯ ಹೂಳನ್ನು ಮೆಲ್ಲಗೆ ತಂದು ಅದನ್ನು ಮುಚ್ಚಿತು. ಹೂಳಿನ ಮೇಲೆ ಹೂಳು ಬಿದ್ದು ಭಾರವಾಯಿತು, ನೀರಿನಲ್ಲಿ ಕರಗಿದ ಸುಣ್ಣವು ಕಣಕಣದ ನಡುವೆ ಕುಳಿತು ಬೆಸೆಯಿತು, ಕೆಸರು ಕಲ್ಲಾಯಿತು. ಸತ್ತ ಹುಳುವಿನ ಮೃದು ಮೈ ಕೊಳೆತುಹೋಯಿತು. ಗಟ್ಟಿ ಚಿಪ್ಪು ಉಳಿಯಿತು. ಆ ಚಿಪ್ಪಿನ ಕಣವೊಂದು ಹೋದಲ್ಲಿ ಕಲ್ಲಿನ ಕಣವೊಂದು ಬಂದು ಕೂತು, ರೂಪ ಕೆಡದಂತೆ ಅದೂ ಕಲ್ಲಾಯಿತು. ಮತ್ತೆ ನನ್ನ ಬೆಂಕಿ ಹರಿದು ಎಲ್ಲಕ್ಕೂ ಮೇಲೊಂದು ಮುಚ್ಚಳವಾಯಿತು. ಈಗ ಮಳೆಯು ಮುಚ್ಚಳವನ್ನು ತುಸು ಸರಿಸಿದೆ. ನೀವು ಬೆನ್ನಟ್ಟಿ ಬಂದ ತಾಯಿಯು ಯಾರ ಮಗುವನ್ನೂ ಒಯ್ದವಳಲ್ಲ. ತನ್ನ ಮಗುವಿಗೆ ನೀರು ಕುಡಿಸಿದವಳು."

ಅಯ್ಯಾಳಪ್ಪ ಎತ್ತಿದ ಪಂಜನ್ನು ಇಳಿಸಿ ಕೇಳಿದ.

"ತಾಯಿ, ಯಾವುದೋ ಪ್ರಾಣಿ ಹೆಜ್ಜಿ ಇಷ್ಟು ಕಾಲ ಕಾಯ್ದಿಟ್ಟಿ. ನನ್ನ ಮಗ ಇದೇ ಗುಡ್ಡದ ಮ್ಯಾಲ ನಿನ್ನೆ ಮೊನ್ನೆ ನಡದಾನ. ಅವನ ಒಂದು ಹೆಜ್ಜಿ ಯಾಕ ಇಡಲಿಲ್ಲ?"

ವಾಣಿಯು ಈ ಸಲ ಬಹಳ ಮೆತ್ತಗಿತ್ತು. "ಆರಿಸುವವಳು ನಾನಲ್ಲ ಮಗನೇ. ಕೆಸರು ಹದವಾಗಿರಬೇಕು, ಬಿಸಿಲು ಸಕಾಲಕ್ಕೆ ಬೀಳಬೇಕು, ಹೂಳು ಮೆತ್ತಗೆ ಬರಬೇಕು. ನನ್ನ ಮೇಲೆ ಲೆಕ್ಕವಿಲ್ಲದಷ್ಟು ಜೀವಗಳು ನಡೆದು ಹೋಗಿವೆ. ಉಳಿದದ್ದು ಎಲ್ಲೋ ಒಂದು. ಅದಕ್ಕಾಗಿಯೇ ಉಳಿದ ಒಂದನ್ನು ಒಡೆಯಬೇಡಿರಿ, ಕಿತ್ತು ಒಯ್ಯಬೇಡಿರಿ. ನೋಡಿರಿ, ಎಲ್ಲರಿಗೂ ತೋರಿಸಿರಿ."

ಗುಡ್ಡ ಶಾಂತವಾಯಿತು. ಅಯ್ಯಾಳಪ್ಪ ಮರಿಯ ಸಣ್ಣ ಹೆಜ್ಜೆಯ ಹತ್ತಿರ ಕುಸಿದು ಕುಳಿತ. ಪಕ್ಕದಲ್ಲಿದ್ದ ತಾಯಿಯ ಹೆಜ್ಜೆಯಲ್ಲಿ ಮಳೆಯ ನೀರು ತುಂಬಿ ನಿಂತಿತ್ತು. ಅವನು ಪಂಜನ್ನು ತಿರುಗಿಸಿ, ಉರಿಯುವ ತುದಿಯನ್ನು ಆ ನೀರಿಗೆ ಮುಟ್ಟಿಸಿದ. ಚುಂಯ್ ಎಂದಿತು, ಬಿಳಿಯ ಹಬೆ ಮೇಲಕ್ಕೆದ್ದಿತು. ಅವನ ಹಿಂದಿನವರು ಒಬ್ಬೊಬ್ಬರಾಗಿ ಬಂದು ತಮ್ಮ ಪಂಜುಗಳನ್ನು ಒಂದೊಂದು ಹೆಜ್ಜೆಯಲ್ಲಿ ಅದ್ದಿದರು. ಮಹಾರಣ್ಯವೂ ಅದರ ಸಕಲ ಜೀವರಾಶಿಯೂ ಹೀಗೆ ಉಳಿದವು. ಸಿಕತೆಯ ವ್ರತ ಅಂದೇ ಮುಗಿಯಿತು. ಆಕೆ ಹಟ್ಟಿಗಿಳಿದು ಹೊನ್ನಪ್ಪನ ತಾಯಿಯ ಪಕ್ಕದಲ್ಲಿ ಕುಳಿತು ರೊಟ್ಟಿ ಉಂಡಳು ಎನ್ನುತ್ತಾರೆ. ಗಾದೆಪ್ಪನಂತೂ ಮುರಿದ ಭರ್ಜಿಗೆ ಅಲಗು ಹಾಕಿಸಲಿಲ್ಲ. ಹುಲ್ಲಿನ ಕಸಬರಿಗೆ ಹಿಡಿದು ಉಳಿದ ಹೆಜ್ಜೆಗಳ ಮಣ್ಣನ್ನು ಗುಡಿಸುವ ಕೆಲಸಕ್ಕೆ ನಿಂತ. ಅವನ ವಂಶದವರೇ ಇಂದಿಗೂ ಇಲ್ಲಿನ ಪೂಜಾರಿಗಳು.

ಇಲ್ಲಿ ಗರ್ಭಗುಡಿಯಿಲ್ಲ, ವಿಗ್ರಹವಿಲ್ಲ. ಬಯಲಿನಲ್ಲಿ ಹಾಸಿದ ಆ ಬಿಳಿಗಲ್ಲೇ ಮೂರ್ಬೆರಳಮ್ಮ. ಪ್ರತಿ ವರ್ಷ ಮುಂಗಾರಿನ ಮೊದಲ ದೊಡ್ಡ ಮಳೆಯ ಮರುದಿನ ಸುತ್ತಲ ಊರವರು ಉರಿಯುವ ಪಂಜು ಹಿಡಿದು ಏರಿ, ಹೆಜ್ಜೆಗಳ ನೀರಿನಲ್ಲಿ ಅದನ್ನು ಆರಿಸಿ, ಹಬೆಯನ್ನು ಕಣ್ಣಿಗೆ ಒತ್ತಿಕೊಂಡು ಇಳಿಯುತ್ತಾರೆ. ಆ ವರ್ಷದಲ್ಲಿ ಮನೆಯವರನ್ನು ಕಳೆದುಕೊಂಡವರಿಗೆ ಮೊದಲ ಸರದಿ.

ಮಕ್ಕಳು ಕೇಳುವುದುಂಟು: ಶಾಲೆಯಲ್ಲಿ ಇದನ್ನು ಪಳೆಯುಳಿಕೆ ಎನ್ನುತ್ತಾರಲ್ಲ, ಯಾವುದು ಸರಿ? ಎರಡೂ ಒಂದೇ ಕಲ್ಲನ್ನು ಕುರಿತ ಮಾತು. ಬಹು ಹಿಂದಿನ ಜೀವಿಯ ಗುರುತು ಕಲ್ಲಿನಲ್ಲಿ ಉಳಿದರೆ ಅದು ಪಳೆಯುಳಿಕೆ. ಚಿಪ್ಪು, ಎಲುಬು, ಹಲ್ಲು, ಎಲೆ, ಮರದ ದಿಮ್ಮಿ ಹೀಗೆ ಮೈಯ ಭಾಗವೇ ಉಳಿಯುವುದು ಒಂದು ಬಗೆ. ಸಿಕತೆಯ ಹುಳು ಅಂಥದು. ಹೆಜ್ಜೆ, ಬಿಲ, ತೆವಳಿದ ಗೆರೆ ಹೀಗೆ ಬದುಕಿದ ರೀತಿ ಉಳಿಯುವುದು ಇನ್ನೊಂದು ಬಗೆ. ಲದ್ದಿ ಕೂಡ ಕಲ್ಲಾಗಿ ಉಳಿಯುತ್ತದೆ. ಇದನ್ನು ಹೇಳಿದಾಗ ಮಕ್ಕಳು ನಗುತ್ತಾರೆ, ನಾನೂ ನಗುತ್ತೇನೆ. ಎಲುಬು ಪ್ರಾಣಿ ಸತ್ತದ್ದನ್ನು ಹೇಳುತ್ತದೆ. ಹೆಜ್ಜೆ ಅದು ಬದುಕಿದ್ದಾಗಿನ ಒಂದು ಗಳಿಗೆಯನ್ನು ತೋರಿಸುತ್ತದೆ. ತಾಯಿ ನಿಂತು ಮರಿಗಾಗಿ ಕಾದದ್ದನ್ನು ಯಾವ ಎಲುಬು ಹೇಳೀತು?

ನೋಡಬಯಸುವವರು ನಡುಮಧ್ಯಾಹ್ನ ಬರಬೇಡಿ; ನೆತ್ತಿಯ ಬಿಸಿಲಿನಲ್ಲಿ ಬಂಡೆ ಬರಿದಾಗಿ ಕಾಣುತ್ತದೆ. ಸೂರ್ಯ ಆಗತಾನೇ ಏರಿ ಬೆಳಕು ಓರೆಯಾಗಿ ಬೀಳುವಾಗ ಪ್ರತಿ ಹೆಜ್ಜೆಯ ಅಂಚೂ ನೆರಳು ತುಂಬಿಕೊಂಡು ಎದ್ದು ನಿಲ್ಲುತ್ತದೆ. ಚಪ್ಪಲಿ ಕೆಳಗೆ ಬಿಡಿ. ಸುತ್ತಿಗೆ, ಮೊಳೆ ಮನೆಯಲ್ಲೇ ಇರಲಿ.

ಈ ಪುಸ್ತಿಕೆ ಅಚ್ಚಿಗೆ ಹೋಗುವ ಮುನ್ನ ಒಂದು ಸಂಗತಿಯನ್ನು ಸೇರಿಸಲೇಬೇಕು. ಈ ಸಲದ ಮಳೆಗೆ ಮೂಡಣ ಮಗ್ಗುಲಿನ ಮಣ್ಣು ಜಾರಿ, ಹಿಂದೆ ಯಾರೂ ಕಾಣದ ಒಂದು ತುಂಡು ಬಿಳಿಗಲ್ಲು ಹೊರಬಿದ್ದಿದೆ. ಅಲ್ಲೊಂದು ದೊಡ್ಡ ಹೆಜ್ಜೆ. ಆ ಹೆಜ್ಜೆಯ ಒಳಗೆ ಹುಣಸೆಬೀಜದಷ್ಟು ಸಣ್ಣ, ನಾಲ್ಕು ಬೆರಳಿನ ಇನ್ನೊಂದು ಹೆಜ್ಜೆ! ದೊಡ್ಡದು ನಡೆದುಹೋದ ಮೇಲೆ ಯಾವುದೋ ಚಿಕ್ಕ ಜೀವ ಆ ಗುಳಿಗಿಳಿದು, ಹತ್ತಿ, ಮುಂದೆ ಹೋಗಿದೆ. ನೋಡಿದವರಲ್ಲಿ ಒಬ್ಬರಿಗೂ ಅದು ಯಾವುದೆಂದು ತಿಳಿಯಲಿಲ್ಲ. ನಾನು ಮೂರು ಮುಂಜಾನೆ ಮಂಡಿಯೂರಿ ನೋಡಿದ್ದೇನೆ. ಹೆಸರು ಗೊತ್ತಾಗಿಲ್ಲ, ಆದರೆ ಅದರ ಬೆರಳುಗಳು ತಗ್ಗಿನ ಕಡೆಗೆ ಮುಖ ಮಾಡಿವೆ. ಅದಕ್ಕೆ ಬಾಯಾರಿತ್ತು, ನೀರಿನ ಕಡೆಗೆ ಹೊರಟಿತ್ತು.